ಮಳೆಗಾಲದ ಫೋಟೊ: ಮೊದಲು ಆಕಾಶ ಬಿಡಿ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಫೋಟೊ ತೆಗೆಯುವುದು ಹವ್ಯಾಸ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಕ್ಯಾನನ್ ಡಿಎಸ್‌ಎಲ್‌ಆರ್ ತಗೊಂಡೆ. ಜೊತೆಗೆ ಅಗಲ ನೋಟಕ್ಕೆ 18-55, ದೂರದ್ದನ್ನು ಹತ್ತಿರ ತರಲು 55-250 ಲೆನ್ಸ್ ಇವೆ. ರಜೆ ಸಿಕ್ಕರೆ ಸಾಗರ, ತೀರ್ಥಹಳ್ಳಿ ಕಡೆ ಹೋಗುತ್ತೇನೆ. ಬೇಸಿಗೆಯ ಫೋಟೊಗಳು ಪರವಾಗಿಲ್ಲ. ಮಳೆಗಾಲದವು ಮಾತ್ರ ಎಲ್ಲ ಹಾಳು. ಆಕಾಶ ಬೆಳ್ಳಗೆ, ಕಾಡು ಕಪ್ಪಗೆ. ಜೋಗದಲ್ಲಿ ಬರೀ ಮಂಜು, ಮಂಡಗದ್ದೆ ಪಕ್ಷಿಧಾಮದ ಬೆಳ್ಳಕ್ಕಿ ಬರೀ ಬಿಳಿ ಚುಕ್ಕೆ. ಜೊತೆಗೆ ಬಂದ ಗೆಳೆಯನ ಮೊಬೈಲ್ ಫೋಟೊ ನನ್ನದಕ್ಕಿಂತ ಚೆನ್ನಾಗಿರುತ್ತೆ. ಸಾಲದ್ದಕ್ಕೆ ಒಂದು ಲೆನ್ಸ್ ಒಳಗೆ ಫಂಗಸ್ ಶುರುವಾಗಿದೆ ಅಂತ ರಿಪೇರಿಯವರು ಹೇಳಿದರು. 150-600 ಲೆನ್ಸ್ ತಗೊಂಡರೆ ಸರಿಹೋಗುತ್ತಾ?

ಉತ್ತರ: ಲೆನ್ಸ್ ವಿಷಯ ಆಮೇಲೆ ನೋಡೋಣ. ನೀವು ಬರೆದಿರುವ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ. ನಿಮ್ಮ ಫ್ರೇಮಿನಲ್ಲಿ ಆಕಾಶ ಜಾಸ್ತಿ ಇದೆ.

ಬೇಸಿಗೆಯಲ್ಲಿ, ಚಳಿಗಾಲದಲ್ಲಿ ಆಕಾಶಕ್ಕೆ ಬಣ್ಣ ಇರುತ್ತದೆ, ಮೋಡಕ್ಕೆ ಆಕಾರ ಇರುತ್ತದೆ. ಫೋಟೊದಲ್ಲಿ ಮೂರನೇ ಒಂದು ಭಾಗ ಅದಕ್ಕೆ ಕೊಟ್ಟರೂ ನಷ್ಟವಿಲ್ಲ. ಆಷಾಢದ ಮೋಡ ಹಾಗಲ್ಲ. ಅಂಚಿಲ್ಲದೆ ಒಂದೇ ಸಮ ಹರಡಿರುತ್ತದೆ. ಅಲ್ಲಿ ತೋರಿಸುವಂಥದ್ದೇನೂ ಇಲ್ಲ, ಆದರೆ ಇಡೀ ದೃಶ್ಯದಲ್ಲಿ ಅತಿ ಹೆಚ್ಚು ಬೆಳಕಿರುವುದು ಅಲ್ಲೇ. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಅದನ್ನು ಲೆಕ್ಕಕ್ಕೆ ತಗೊಂಡು ಬೆಳಕು ಕಡಿಮೆ ಮಾಡುತ್ತದೆ, ಕೆಳಗಿನ ಕಾಡು ಕಪ್ಪಾಗುತ್ತದೆ. ಕಾಡು ಸರಿಯಾಗಿ ಕಾಣಲಿ ಅಂತ ಬೆಳಕು ಹೆಚ್ಚಿಸಿದರೆ ಮೇಲುಗಡೆ ಬಿಳಿ ಕಾಗದ. ಎರಡೂ ಒಟ್ಟಿಗೆ ಬರುವುದಿಲ್ಲ.

ಗೆಳೆಯನ ಮೊಬೈಲ್ ಗೆಲ್ಲುವುದು ಇಲ್ಲೇ. ಅದು ಒಂದು ಸಲ ಒತ್ತಿದರೆ ಹಲವು ಚಿತ್ರ ತೆಗೆದು, ಒಂದರಿಂದ ಆಕಾಶ, ಇನ್ನೊಂದರಿಂದ ಕಾಡು ಆರಿಸಿ ಜೋಡಿಸುತ್ತದೆ. ನಿಮ್ಮ ಡಿಎಸ್‌ಎಲ್‌ಆರ್ ಒಂದೇ ಚಿತ್ರ ತೆಗೆದು ಸುಮ್ಮನಾಗುತ್ತದೆ. ಹಾಗಾಗಿ ಆಕಾಶ, ಬೆಟ್ಟ, ಗದ್ದೆ ಎಲ್ಲ ಸೇರಿದ ಅಗಲವಾದ ನೋಟ ಬೇಕಾದಾಗ ನೀವೂ ಮೊಬೈಲನ್ನೇ ತೆಗೆಯಿರಿ. ಅದರಲ್ಲಿ ಅವಮಾನ ಏನೂ ಇಲ್ಲ.

ಡಿಎಸ್‌ಎಲ್‌ಆರ್ ಹಿಡಿದಾಗ ಮಾತ್ರ ಮೂತಿ ಕೆಳಗೆ ಮಾಡಿ. ಘಾಟಿ ರಸ್ತೆಯ ತಿರುವಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಎದುರಿಗೆ ಕಣಿವೆ. 18-55 ಹಾಕಿ ಎಲ್ಲವನ್ನೂ ಒಂದರಲ್ಲೇ ಹಿಡಿಯಲು ಕೈ ಹೋಗುತ್ತದೆ. ಅದರ ಬದಲು 55-250 ಹಾಕಿ. ಕಣಿವೆಯ ಅಡಿಯಲ್ಲಿ ಮಂಜು ನುಗ್ಗಿ ಬರುತ್ತಿರುವ ಒಂದು ಇಳಿಜಾರು, ಅದರಲ್ಲಿ ಎದ್ದು ಕಾಣುವ ಒಂದೆರಡು ಮರ, ಅಷ್ಟೇ ಸಾಕು. ಆಕಾಶ ಒಂದು ಎಳೆಯೂ ಇಲ್ಲದಂತೆ ಚೌಕಟ್ಟು ಕಟ್ಟಿ. ಆಗ ನೋಡಿ, ಅದೇ ಕ್ಯಾಮೆರಾ, ಅದೇ ಲೆನ್ಸ್, ಹಸಿರಿನಲ್ಲಿ ಎಷ್ಟು ಬಗೆ ಅಂತ ಗೊತ್ತಾಗುತ್ತದೆ. ಮೋಡದ ಬೆಳಕಿಗೆ ಗಡುಸು ನೆರಳಿಲ್ಲ. ಬಿಸಿಲಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣುವ ಕಾಡು ಈಗ ಒಂದೇ ಸಮ ಕಾಣುತ್ತದೆ. ಕಾಡಿನ ಒಳಗಿನ ಫೋಟೊಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಬೆಳಕು ಸಿಗುವುದಿಲ್ಲ ಅಂತಲೇ ನನ್ನ ಅಭಿಪ್ರಾಯ.

ಇನ್ನೊಂದು ಅಡ್ಡಿ ಇದೆ. ಒದ್ದೆ ಎಲೆ ಹಸಿರಾಗಿ ಕಾಣಬೇಕಲ್ವಾ? ಫೋಟೊದಲ್ಲಿ ಎಣ್ಣೆ ಸವರಿದ ಹಾಗೆ ಬೆಳ್ಳಗೆ ಮಿಂಚುತ್ತದೆ. ಅದೂ ಆಕಾಶದ್ದೇ ಕಿತಾಪತಿ. ಎಲೆಯ ಮೇಲಿನ ನೀರಿನಲ್ಲಿ ಮೋಡದ ಬಿಳಿ ಪ್ರತಿಫಲಿಸುತ್ತಿರುತ್ತದೆ. ಇದಕ್ಕೆ ಮದ್ದು ಪೋಲರೈಸರ್ ಫಿಲ್ಟರ್. ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಗಾಜು ಅದು. ಹಾಕಿದ ಮೇಲೆ ಹೊರಗಿನ ಬಳೆಯನ್ನು ನಿಧಾನಕ್ಕೆ ತಿರುಗಿಸುತ್ತಾ ವ್ಯೂಫೈಂಡರಿನಲ್ಲಿ ನೋಡಿ. ಒಂದು ಕಡೆ ಬಂದಾಗ ಎಲೆಯ ಬಿಳಿ ಹೊಳಪು ಮಾಯವಾಗಿ ಒಳಗಿನ ಹಸಿರು ಕಾಣುತ್ತದೆ. ಒದ್ದೆ ಬಂಡೆ ಕಪ್ಪಾಗುತ್ತದೆ, ತೊರೆಯ ತಳದ ಕಲ್ಲೂ ಕಾಣಬಹುದು. ಈ ಕೆಲಸವನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಲು ಬರುವುದಿಲ್ಲ, ಯಾಕೆಂದರೆ ಹೊಳಪಿನ ಅಡಿಯಲ್ಲಿದ್ದ ಬಣ್ಣ ಫೈಲಿಗೆ ಬಂದೇ ಇರುವುದಿಲ್ಲ.

ಫಿಲ್ಟರ್ ಕೊಳ್ಳುವಾಗ ಅಳತೆ ನೋಡಿ. ಲೆನ್ಸಿನ ಮುಂಭಾಗದಲ್ಲಿ ಸೊನ್ನೆಗೆ ಅಡ್ಡಗೆರೆ ಎಳೆದ ಗುರುತಿನ ಪಕ್ಕ ಬರೆದಿರುತ್ತದೆ. ಕ್ಯಾನನ್ನಿನ ಈ ಎರಡೂ ಲೆನ್ಸುಗಳಿಗೆ 58 ಮಿ.ಮೀ. ಫಿಲ್ಟರ್ ಸಾಮಾನ್ಯ, ಒಂದೇ ಕೊಂಡರೆ ಎರಡಕ್ಕೂ ಆಗುತ್ತದೆ. ಪೋಲರೈಸರ್ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಅನ್ನುವುದು ನೆನಪಿರಲಿ. ಹಕ್ಕಿ ಫೋಟೊಗೆ ಹೋಗುವಾಗ ತೆಗೆದಿಡಿ.

ಈಗ ಜೋಗ. 253 ಮೀಟರ್ ಎತ್ತರದಿಂದ ಬೀಳುವ ನೀರು, ಮೇಲೆ ಬಿಳಿ ಆಕಾಶ, ಕೆಳಗೆ ಬಿಳಿ ಮಂಜು. ಬಿಳಿಯ ಮೇಲೆ ಬಿಳಿ ಬರೆದರೆ ಏನು ಕಾಣಬೇಕು? ಹಾಗಾಗಿ ಇಡೀ ಜಲಪಾತ ಹಿಡಿಯುವ ಆಸೆ ಸ್ವಲ್ಪ ಬದಿಗಿಡಿ. ಜೋಗದ ನಾಲ್ಕು ಕವಲುಗಳಲ್ಲಿ ರಾಣಿಯ ನೀರು ಕಪ್ಪು ಬಂಡೆಯನ್ನು ತಾಗಿಕೊಂಡು ಇಳಿಯುತ್ತದೆ. 55-250ರಲ್ಲಿ ಅದೊಂದನ್ನೇ ಹಿಡಿಯಿರಿ. ರಾಕೆಟ್ಟಿನಲ್ಲಿ ನೀರು ಚಿಮ್ಮುವ ಜಾಗ ಇನ್ನೊಂದು ಫೋಟೊ. ರಾಜ ಮತ್ತು ರೋರರ್ ಒಂದೇ ಚೌಕಟ್ಟಿನಲ್ಲಿ ಮತ್ತೊಂದು. ಕಪ್ಪು ಬಂಡೆ ಹಿಂದೆ ಇದ್ದಾಗ ಮಾತ್ರ ನೀರಿಗೆ ಆಕಾರ ಬರುತ್ತದೆ.

ಹೋಗುವ ಮುಂಚೆ ಪತ್ರಿಕೆಯಲ್ಲಿ ಜೋಗದ ಮೇಲಿರುವ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನ ಮಟ್ಟ ನೋಡಿಕೊಳ್ಳುವುದು ಒಳ್ಳೆಯದು. ಗರಿಷ್ಠ ಮಟ್ಟ 1819 ಅಡಿ. ಅದರ ಹತ್ತಿರ ಬಂದು ಗೇಟು ತೆರೆದರೆ ಜೋಗದ ಅಬ್ಬರವೇ ಬೇರೆ. ಜನರೂ ಅಷ್ಟೇ, ಕಾಲಿಡಲು ಜಾಗ ಇರುವುದಿಲ್ಲ. ಆದರೆ ಆಗ ಕವಲುಗಳು ಒಂದಕ್ಕೊಂದು ಬೆರೆತು, ಎದ್ದ ತುಂತುರಿನಲ್ಲಿ ಎಲ್ಲ ಮಸುಕಾಗುತ್ತದೆ. ನಾಲ್ಕೂ ಬೇರೆ ಬೇರೆಯಾಗಿ ಕಾಣುವ ಫೋಟೊ ಬೇಕಿದ್ದರೆ ಗೇಟು ತೆರೆಯುವ ಮುಂಚೆಯೇ, ಸುತ್ತಮುತ್ತ ಒಂದೆರಡು ದಿನ ಚೆನ್ನಾಗಿ ಮಳೆ ಹೊಡೆದ ಮೇಲೆ ಹೋಗಿ. ನನಗೆ ಇಷ್ಟವಾಗುವುದು ಆ ಹೊತ್ತಿನ ಜೋಗವೇ.

ಮಂಜಿಗೆ ಒಂದು ಉಪಾಯ ಹೇಳುತ್ತೇನೆ. ಜೋಗದ ಮಂಜು ಇಡೀ ದಿನ ಗಟ್ಟಿಯಾಗಿ ಕೂರುವುದು ಅಪರೂಪ. ಪರದೆ ಸರಿದ ಹಾಗೆ ಕೆಲವು ನಿಮಿಷ ತೆರೆದು ಮತ್ತೆ ಮುಚ್ಚುತ್ತದೆ. ತೆರೆದಾಗ ಎಲ್ಲರೂ ಓಡಿ ಬಂದು ಕ್ಯಾಮೆರಾ ಎತ್ತುತ್ತಾರೆ. ಮಂಜಿನಲ್ಲಿ ಆಟೊಫೋಕಸ್‌ಗೆ ಹಿಡಿಯಲು ಅಂಚು ಸಿಗದೆ ಲೆನ್ಸ್ ಹಿಂದೆ ಮುಂದೆ ತಡಕಾಡುತ್ತದೆ. ಅಷ್ಟರಲ್ಲಿ ಮುಚ್ಚಿಯಾಯಿತು. ನೀವು ಹೀಗೆ ಮಾಡಿ. ಟ್ರೈಪಾಡ್ ಹಾಕಿ. ಮೊದಲ ಸಲ ಮಂಜು ತೆರೆದಾಗ ಫೋಟೊಗೆ ಆಸೆಪಡದೆ ಬಂಡೆಯ ಅಂಚಿಗೆ ಫೋಕಸ್ ಮಾಡಿ, ಲೆನ್ಸಿನ ಪಕ್ಕದ ಸ್ವಿಚ್ಚನ್ನು ಮ್ಯಾನುಯಲ್‌ಗೆ ತಳ್ಳಿಬಿಡಿ. ಆಮೇಲೆ ಝೂಮ್ ಮುಟ್ಟಬೇಡಿ. ಕೊಡೆ ಹಿಡಿದು ಕಾಯಿರಿ. ಎರಡನೇ ಸಲ ತೆರೆದಾಗ ಒತ್ತುವುದಷ್ಟೇ ಕೆಲಸ. ಮಂಜು ಪೂರ್ತಿ ಹೋದ ಮೇಲಿನದಕ್ಕಿಂತ ಅರ್ಧ ಸರಿದಾಗಿನ ಚಿತ್ರ ಚೆನ್ನಾಗಿರುತ್ತದೆ, ಸಾಲಾಗಿ ತೆಗೆಯುತ್ತಾ ಹೋಗಿ.

ಇದರ ಜೊತೆಗೇ ಕಲಿಯಬೇಕಾದದ್ದು ಎಕ್ಸ್‌ಪೋಶರ್ ಕಾಂಪೆನ್ಸೇಶನ್. ಕ್ಯಾಮೆರಾದ ಮೇಲೆ ಕೂಡಿಸು-ಕಳೆ ಗುರುತಿನ ಗುಂಡಿ ಇದೆಯಲ್ಲ, ಅದು. ಮೀಟರಿಗೆ ಬಣ್ಣ ಗೊತ್ತಿಲ್ಲ. ಏನು ತೋರಿಸಿದರೂ ಅದನ್ನು ನಡುಮಟ್ಟದ ಬೂದು ಮಾಡಲು ನೋಡುತ್ತದೆ. ಫ್ರೇಮು ತುಂಬ ಮಂಜಿದ್ದರೆ ಅದನ್ನೂ ಬೂದು ಮಾಡಿ, ಸಂಜೆಗತ್ತಲಿನ ಹಾಗೆ ಮಂಕು ಫೋಟೊ ಕೊಡುತ್ತದೆ. ಆಗ +1 ಇಡಿ, ಅಂದರೆ ಒಂದು ಸ್ಟಾಪ್ ಹೆಚ್ಚು ಬೆಳಕು. ಮಂಡಗದ್ದೆಯಲ್ಲಿ ಇದಕ್ಕೆ ತದ್ವಿರುದ್ಧ. ಫ್ರೇಮು ತುಂಬ ಕಡುಹಸಿರು ಮರ, ನಡುವೆ ಚಿಕ್ಕ ಬೆಳ್ಳಕ್ಕಿ. ಮೀಟರ್ ಮರವನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಹಕ್ಕಿಯ ಗರಿ ಎಲ್ಲ ಸುಟ್ಟು ನೀವು ಹೇಳಿದ ಬಿಳಿ ಚುಕ್ಕೆ ಆಗುತ್ತದೆ. ಅಲ್ಲಿ -1 ಇಟ್ಟು ನೋಡಿ. ತೆಗೆದ ಫೋಟೊವನ್ನು ಹಿಂದಿನ ಪರದೆಯಲ್ಲಿ ದೊಡ್ಡದು ಮಾಡಿ, ಗರಿಯ ಗೆರೆ ಕಾಣುತ್ತಿದೆಯಾ ಅಂತ ಪರೀಕ್ಷಿಸಿ. ಕಾಣದಿದ್ದರೆ ಇನ್ನೂ ಇಳಿಸಿ. ಜೆಪೆಗ್ ಬದಲು, ಕ್ಯಾಮೆರಾ ಕಂಡದ್ದೆಲ್ಲ ಹಾಗೇ ಉಳಿಯುವ ರಾ ಫೈಲಿನಲ್ಲಿ ತೆಗೆದರೆ ನೆರಳಿನ ಭಾಗವನ್ನು ಮನೆಗೆ ಬಂದು ಎತ್ತಬಹುದು. ಸುಟ್ಟುಹೋದ ಬಿಳಿಯನ್ನು ಮಾತ್ರ ಯಾವ ಸಾಫ್ಟ್‌ವೇರೂ ವಾಪಸು ತರುವುದಿಲ್ಲ.

ಮಂಡಗದ್ದೆ ನಿಮ್ಮ ಊರಿನಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ಇಷ್ಟು ಹತ್ತಿರ ಇಂಥ ಜಾಗ ಇರುವುದು ಅದೃಷ್ಟ ಅಂತಲೇ ಹೇಳಬೇಕು. ತುಂಗೆಯ ನಡುವಿನ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಮಳೆಗಾಲದಲ್ಲಿ ಗೂಡು ಕಟ್ಟುತ್ತವೆ. ದೂರ ಇರುವುದರಿಂದ ಹಕ್ಕಿ ಸಣ್ಣದಾಗಿ ಕಾಣುತ್ತದೆ ಅನ್ನುವುದು ನಿಜ. ಆದರೆ ಹಕ್ಕಿ ಫ್ರೇಮು ತುಂಬಬೇಕು ಅಂತ ಯಾರು ಹೇಳಿದರು? ಒದ್ದೆ ಮರ, ಕೆಂಪು ನೀರು, ಅದರ ಮೇಲೆ ಇಳಿಯುತ್ತಿರುವ ಒಂದು ಬಿಳಿ ಹಕ್ಕಿ. ಆ ಜಾಗದ ಮಳೆಗಾಲವೇ ಅದು. ಫ್ರೇಮು ತುಂಬಿದ ಬೆಳ್ಳಕ್ಕಿಯನ್ನು ಯಾವ ಕೆರೆಯಲ್ಲಾದರೂ ತೆಗೆಯಬಹುದು. ಜೊತೆಗೆ ಬಿಳಿ ಹಕ್ಕಿಗೆ ಮೋಡದ ಬೆಳಕೇ ಒಳ್ಳೆಯದು, ಬಿಸಿಲಿನಲ್ಲಿ ಗರಿಯ ವಿವರ ಉಳಿಸುವುದು ಕಷ್ಟ.

ಕೂತ ಹಕ್ಕಿಗಿಂತ ಇಳಿಯುವ ಹಕ್ಕಿಯನ್ನು ಕಾಯಿರಿ. ಕಡ್ಡಿ ತರುವ ಹಕ್ಕಿ ಬಹಳ ಸಲ ಒಂದೇ ದಿಕ್ಕಿನಿಂದ ಬರುತ್ತದೆ. ಒಂದು ಹತ್ತು ನಿಮಿಷ ಕ್ಯಾಮೆರಾ ಮುಟ್ಟದೆ ಸುಮ್ನೆ ನೋಡಿದರೆ ದಾರಿ ತಿಳಿಯುತ್ತದೆ. ಆ ದಾರಿಯ ಹಿಂದೆ ಆಕಾಶ ಬಾರದೆ ಮರ ಬರುವ ಹಾಗೆ ನಿಲ್ಲಿ. ಶಟರ್ ವೇಗ ಸೆಕೆಂಡಿನ 1/1000ಕ್ಕಿಂತ ಕೆಳಗೆ ಬೇಡ. ಬೆಳಕು ಸಾಲದಿದ್ದರೆ, ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅಂತ ಹೇಳುವ ಐಎಸ್‌ಒ 1600, 3200 ಆದರೂ ಆಗಲಿ. ಕಾಳು ಕಾಳಾಗಿ ಬಂದ ಫೋಟೊವನ್ನು ಸರಿಮಾಡಬಹುದು, ಅಲುಗಾಡಿದ್ದನ್ನು ಮಾಡಲಾಗದು. ಕೂತ ಹಕ್ಕಿಗೂ ನಿಮ್ಮ ಲೆನ್ಸಿನ 250 ತುದಿಯಲ್ಲಿ 1/400 ಆದರೂ ಇರಲಿ. ಕೈ ಅಲುಗಿದ್ದು ಕಾಣದಿರಲು ಶಟರಿನ ಕೆಳಗಿನ ಅಂಕಿ ಲೆನ್ಸಿನ ಅಂಕಿಯಷ್ಟಾದರೂ ಇರಬೇಕು; ನಿಮ್ಮ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಚಿಕ್ಕದಾದ್ದರಿಂದ 250 ಅನ್ನು 1.6ರಿಂದ ಗುಣಿಸಿ ಲೆಕ್ಕ ಹಾಕಬೇಕು. ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೂ ಇದೇ ಮಾತು ಹೊಂದುತ್ತದೆ. ಅಲ್ಲಿ ಬಿಳಿ ಕೆಂಬರಲು ಜಾಸ್ತಿ, ಅವುಗಳ ತಲೆ ಕಪ್ಪು, ಮೈ ಬಿಳಿ. ಮೀಟರಿಗೆ ಇನ್ನೂ ಗೊಂದಲ.

ಸಣ್ಣ ತೊರೆ, ಅಬ್ಬಿಗಳ ನೀರು ಹಾಲಿನ ನೊರೆಯಾಗಿ ಬರಬೇಕು ಅಂತ ಎಲ್ಲರಿಗೂ ಆಸೆ. ಅದು ಸುಲಭ. ಟ್ರೈಪಾಡ್, ಐಎಸ್‌ಒ 100, ಎಫ್/11 (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು), ಪೋಲರೈಸರ್, ಎರಡು ಸೆಕೆಂಡಿನ ಟೈಮರ್. ಮರದ ನೆರಳಿನಲ್ಲಿ ಅರ್ಧದಿಂದ ಒಂದು ಸೆಕೆಂಡಿನ ಶಟರ್ ತಾನಾಗಿ ಸಿಗುತ್ತದೆ. ಎಫ್/22ರವರೆಗೆ ಹೋಗಬೇಡಿ, ಚಿತ್ರದ ಹರಿತ ಹೋಗುತ್ತದೆ. ದೊಡ್ಡ ಜಲಪಾತಕ್ಕೆ ಈ ಹಾಲುನೊರೆ ನನಗೆ ಹಿಡಿಸುವುದಿಲ್ಲ. ಭೋರ್ಗರೆಯುವ ನೀರು ಹತ್ತಿಯಾಗಿ ಕಂಡರೆ ಅದರ ಜೋರೇ ಹೋಯಿತು. ಅಲ್ಲಿ 1/125ರ ಆಸುಪಾಸು ನೋಡಿ. ಮಳೆಯ ಹನಿಯೇ ಗೆರೆಯಾಗಿ ಕಾಣಬೇಕಿದ್ದರೆ 1/60. ಹಿಂದೆ ಕಪ್ಪಾದದ್ದು ಏನಾದರೂ ಇರಲೇಬೇಕು. ಹಂಚಿನ ಮಾಡಿನಿಂದ ಬೀಳುವ ನೀರಿಗೆ ಹಿಂದಿನ ಕತ್ತಲೆ ಜಗಲಿ ಬಹಳ ಒಳ್ಳೆಯ ಪರದೆ.

ಅಬ್ಬಿಯ ಬಂಡೆಯ ಮೇಲೆ ನಿಲ್ಲುವ ವಿಷಯ. ಕೊಲ್ಲೂರಿನ ಹತ್ತಿರದ ಅರಸಿನಗುಂಡಿ ಜಲಪಾತದಲ್ಲಿ 2023ರ ಜುಲೈನಲ್ಲಿ ಒಬ್ಬ ಯುವಕ ವಿಡಿಯೊಗೆ ನಿಂತು ಕಾಲು ಜಾರಿ ಹೋದದ್ದು ನಿಮ್ಮ ಕಡೆ ಎಲ್ಲರಿಗೂ ಗೊತ್ತಿದೆ. ಪಾಚಿ ಕಟ್ಟಿದ ಬಂಡೆಗೆ ಯಾವ ಶೂ ಕೂಡ ಹಿಡಿಯುವುದಿಲ್ಲ. ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಒಂದು ಹೆಜ್ಜೆಯನ್ನೂ ಇಡಬೇಡಿ. ಮೇಲೆ ಎಲ್ಲೋ ಮಳೆಯಾಗಿ ನೀರು ಏಕಾಏಕಿ ಏರುವುದೂ ಉಂಟು. ನೀರಿನ ಬಣ್ಣ ಕೆಂಪಾದರೆ, ಕಸಕಡ್ಡಿ ತೇಲಿ ಬಂದರೆ ಫೋಟೊ ಬಿಟ್ಟು ದಡಕ್ಕೆ ಬನ್ನಿ. ಕಾಡಿನ ಒಳಗಿನ ಜಾಗಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವುದೂ ಬೇಡ, ಮಳೆಗಾಲದಲ್ಲಿ ಹಲವು ದಾರಿಗಳನ್ನು ಮುಚ್ಚಿರುತ್ತಾರೆ.

ಆಕಾಶವೇ ಬೇಡದ ಇನ್ನೊಂದು ಲೋಕ ನೆಲಮಟ್ಟದಲ್ಲಿದೆ. ಅದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತಮ್ಮ ತೋಟದ ಸುತ್ತಲೇ ಅಷ್ಟೊಂದು ಹಕ್ಕಿಗಳ ಫೋಟೊ ತೆಗೆದರು. ನಿಮ್ಮ ನೆಂಟರ ತೋಟ ತೀರ್ಥಹಳ್ಳಿ ಕಡೆ ಇದ್ದರೆ ಅದೇ ಸಾಕು. ಮಳೆ ಶುರುವಾಗುವ ಹೊತ್ತಿಗೆ ಮರದ ಮೇಲೆ ಸೀತಾಳೆ ದಂಡೆ ಹೂವು. ಆರಿದ್ರೆ, ಪುನರ್ವಸು ಮಳೆಯಲ್ಲಿ ಕಪ್ಪೆ. ಗದ್ದೆಯಲ್ಲಿ ನಾಟಿ ಶುರುವಾದರೆ ಕಂಬಳಿಕೊಪ್ಪೆ ಹಾಕಿದ ಹೆಂಗಸರು. ಮೊದಲು ಮಾತಾಡಿಸಿ, ಕೇಳಿ ತೆಗೆಯಿರಿ, ಆಮೇಲೆ ಒಂದು ಪ್ರಿಂಟ್ ತಂದು ಕೊಡಿ. ಮಘೆ ಮಳೆಯ ಹೊತ್ತಿಗೆ ಹೊಳವಾಗುವುದು, ಅಂದರೆ ಮಳೆ ಬಿಡುವು ಕೊಡುವುದು ಜಾಸ್ತಿ, ಬೇಲಿ ಮೇಲೆ ಗೌರಿ ಹೂವು ಬರುತ್ತದೆ.

ಇದಕ್ಕೆಲ್ಲ ಮ್ಯಾಕ್ರೊ ಲೆನ್ಸ್ ಬೇಕು ಅಂತ ಯಾರಾದರೂ ಹೇಳಬಹುದು. ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ನಿಮ್ಮ 55-250 ಸುಮಾರು ಒಂದು ಮೀಟರ್ ದೂರದಿಂದ ಫೋಕಸ್ ಮಾಡುತ್ತದೆ. 250ಕ್ಕೆ ಇಟ್ಟು ಅಷ್ಟು ಹತ್ತಿರ ಹೋದರೆ ಹೂವು, ಅಣಬೆ, ಅಂಗೈಯಗಲದ ಕಪ್ಪೆ ಚೆನ್ನಾಗಿಯೇ ಬರುತ್ತವೆ. ಒಂದು ಮೀಟರ್ ದೂರ ಇರುವುದು ಮಲಬಾರ್ ಪಿಟ್ ವೈಪರ್ ಎದುರಾದಾಗ ನಿಮ್ಮ ಆರೋಗ್ಯಕ್ಕೂ ಒಳ್ಳೆಯದು. ಹಾವಿಗೆ ಇನ್ನೂ ಜಾಸ್ತಿ ಜಾಗ ಬಿಟ್ಟರೂ ತಪ್ಪಿಲ್ಲ.

ಕಪ್ಪೆಯ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕಿದೆ. ಮಲಬಾರ್ ಗ್ಲೈಡಿಂಗ್ ಕಪ್ಪೆಗಳು ಮಳೆ ಹಿಡಿದ ಮೇಲೆ ಮರದಿಂದ ಇಳಿದು, ನೀರಿನ ಮೇಲೆ ಚಾಚಿದ ಎಲೆಗಳಲ್ಲಿ ನೊರೆಯ ಗೂಡು ಕಟ್ಟಿ ಮೊಟ್ಟೆ ಇಡುತ್ತವೆ. ಮರಿಗಳು ಕೆಳಗಿನ ನೀರಿಗೆ ಬೀಳುತ್ತವೆ. ಒಳ್ಳೆಯ ಹಿನ್ನೆಲೆ ಸಿಗಲಿ ಅಂತ ಕಪ್ಪೆಯನ್ನು ಹಿಡಿದು ಬೇರೆ ಎಲೆಯ ಮೇಲೆ ಕೂರಿಸುವವರಿದ್ದಾರೆ. ದಯವಿಟ್ಟು ಬೇಡ. ಕಪ್ಪೆಯ ಚರ್ಮ ನೀರನ್ನೂ ಹೀರುತ್ತದೆ, ನಿಮ್ಮ ಕೈಯಲ್ಲಿರುವ ಸೊಳ್ಳೆ ಮುಲಾಮು, ಉಂಬಳಕ್ಕೆ (ಜಿಗಣೆಗೆ) ಹಚ್ಚಿದ ಸುಣ್ಣ, ಉಪ್ಪನ್ನೂ ಬಿಡುವುದಿಲ್ಲ. ಗೂಡಿನ ಎಲೆಯನ್ನು ಬಗ್ಗಿಸಿದರೆ ನೊರೆ ನೀರಿನ ನೇರದಿಂದ ತಪ್ಪಬಹುದು. ರಾತ್ರಿ ಟಾರ್ಚನ್ನು ಪಕ್ಕದಿಂದ, ಬಿಳಿ ಬಟ್ಟೆ ಮುಚ್ಚಿ ಬಿಡಿ. ಎದುರಿನಿಂದ ಬಿಟ್ಟರೆ ಒದ್ದೆ ಮೈ ಎಲ್ಲ ಹೊಳೆದು ಫೋಟೊ ಕೆಡುತ್ತದೆ. ನಾಲ್ಕು ಫೋಟೊ ತೆಗೆದು ಹೊರಡಿ.

ಕ್ಯಾಮೆರಾ ಕಾಪಾಡುವುದು ಹೇಗೆ? ದುಬಾರಿ ರೇನ್ ಕವರ್ ಬೇಕಿಲ್ಲ. ದಪ್ಪ ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿ ಲೆನ್ಸ್ ಹುಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದರೆ ಆಯಿತು. ಹುಡ್ಡು ಮಾತ್ರ ಇರಲೇಬೇಕು, ಮುಂದಿನ ಗಾಜಿಗೆ ಹನಿ ಬೀಳದಂತೆ ತಡೆಯುವುದು ಅದೇ. ತೊಳೆದು ತೊಳೆದು ಮೆತ್ತಗಾದ ಹಳೆಯ ಹತ್ತಿ ಪಂಚೆಯ ತುಂಡು ನಾಲ್ಕಾರು ಇಟ್ಟುಕೊಳ್ಳಿ, ಮೈ ಒರೆಸಲು. ಗಾಜಿಗೆ ಬೇರೆ ಮೈಕ್ರೊಫೈಬರ್ ಬಟ್ಟೆ. ಮಳೆಯಲ್ಲಿ ಲೆನ್ಸ್ ಬದಲಿಸಬೇಡಿ, ಕಾರಿನೊಳಗೆ ಬದಲಿಸಿ. ಕಾರಿನಲ್ಲಿ ಎಸಿ ಹಾಕಿಕೊಂಡು ಬಂದು ಇಳಿದ ಕೂಡಲೇ ಕ್ಯಾಮೆರಾ ತೆಗೆದರೆ ತಣ್ಣಗಿನ ಗಾಜಿನ ಮೇಲೆ ಹೊರಗಿನ ಹಸಿ ಗಾಳಿ ಮಂಜು ಕಟ್ಟುತ್ತದೆ. ಎಸಿಯನ್ನು ಮುಂಚೆಯೇ ಆರಿಸಿ, ಇಲ್ಲವೇ ಕ್ಯಾಮೆರಾವನ್ನು ಬ್ಯಾಗಿನಲ್ಲೇ ಅರ್ಧ ಗಂಟೆ ಬಿಡಿ.

ಫಂಗಸ್ ಮಲೆನಾಡಿನ ನಿಜವಾದ ಪೀಡೆ. ಹಸಿ ಗಾಳಿ, ಕತ್ತಲೆ, ಬಳಸದೆ ಇಡುವುದು, ಈ ಮೂರೂ ಸೇರಿದರೆ ಅದು ಬಂದೇ ಬರುತ್ತದೆ. ಕ್ಯಾಮೆರಾ ಬ್ಯಾಗು ಓಡಾಡಲು ಮಾತ್ರ. ಅದರ ಸ್ಪಂಜು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮನೆಯಲ್ಲಿ ಅದರೊಳಗೆ ಇಡಲೇಬೇಡಿ. ಮುಚ್ಚಳಕ್ಕೆ ರಬ್ಬರ್ ಇರುವ, ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತನ್ನಿ. ಒಳಗೆ ಸಿಲಿಕಾ ಜೆಲ್ ಮತ್ತು ತೇವ ತೋರಿಸುವ ಪುಟ್ಟ ಮೀಟರ್. ತೇವ ಶೇ 40ರಿಂದ 50 ಇರಬೇಕು. 60 ದಾಟಿದರೆ ಜೆಲ್ ಬಿಸಿ ಮಾಡಿ ಒಣಗಿಸಿ. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ. ಕಿತ್ತಳೆ ಬಣ್ಣದ್ದು ಕೊಳ್ಳಿ. ಯಾವುದೇ ಆಗಲಿ, ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ, ಅದಕ್ಕೇ ಒಂದು ಹಳೆಯ ಪಾತ್ರೆ ಇರಲಿ. ಅಕ್ಕಿಯಲ್ಲಿ ಹೂತಿಡುವುದರಿಂದ ಉಪಯೋಗಕ್ಕಿಂತ ಧೂಳೇ ಜಾಸ್ತಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿಡುವವರನ್ನೂ ಕಂಡಿದ್ದೇನೆ. ಫಂಗಸ್ ಬರಲಿಕ್ಕಿಲ್ಲ, ಆದರೆ ಹೊಗೆ ಬಿಡುತ್ತದೆಯೇ?

ಈಗಾಗಲೇ ಫಂಗಸ್ ಬಂದ ಲೆನ್ಸನ್ನು ಎಸೆಯಬೇಡಿ. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಫೋಟೊದಲ್ಲಿ ಕಾಣುವುದೇ ಇಲ್ಲ, ಬೆಳಕಿಗೆ ಎದುರಾಗಿ ತೆಗೆದಾಗ ಮಾತ್ರ ಸ್ವಲ್ಪ ಮಸುಕಾಗುತ್ತದೆ. ಅದನ್ನು ಬೇರೆ ಡಬ್ಬಿಯಲ್ಲಿಟ್ಟು ಬಳಸುತ್ತಿರಿ. 18-55ಗೆ ಬಂದಿದ್ದರೆ ಶುಚಿ ಮಾಡಿಸುವ ಖರ್ಚನ್ನೂ ಸೆಕೆಂಡ್ ಹ್ಯಾಂಡ್ ಲೆನ್ಸಿನ ಬೆಲೆಯನ್ನೂ ಹೋಲಿಸಿ ನೋಡಿ, ಬಹಳ ಸಲ ಇನ್ನೊಂದು ಕೊಳ್ಳುವುದೇ ಲೇಸು.

ಇನ್ನು 150-600. ಈ ಬಗೆಯ ಲೆನ್ಸುಗಳು ಸುಮಾರು 2 ಕೆ.ಜಿ. ತೂಗುತ್ತವೆ. 600ರ ತುದಿಯಲ್ಲಿ ಸಾಮಾನ್ಯವಾಗಿ ಎಫ್/6.3, ಅಂದರೆ ನಿಮ್ಮ 55-250ಕ್ಕಿಂತ ಇನ್ನೂ ಕತ್ತಲೆ. ಮಳೆಗಾಲದಲ್ಲಿ ಮೊದಲೇ ಬೆಳಕಿನ ಬರ, ಅದಕ್ಕೆ ಈ ಲೆನ್ಸ್ ಉತ್ತರವಲ್ಲ. ಈ ವರ್ಷ ಪೋಲರೈಸರ್, ಡಬ್ಬಿ, ಗಟ್ಟಿಯಾದ ಟ್ರೈಪಾಡ್, ಇಷ್ಟಕ್ಕೆ ದುಡ್ಡು ಹಾಕಿ. ಆಮೇಲೂ ಮನಸ್ಸು ಕೇಳದಿದ್ದರೆ ವಾರಾಂತ್ಯಕ್ಕೆ ಬಾಡಿಗೆಗೆ ತಂದು ಮಂಡಗದ್ದೆಯಲ್ಲಿ ನೋಡಿ. ಮಳೆಯಲ್ಲಿ ಬಳಸುತ್ತೇನೆ ಅಂತ ಬಾಡಿಗೆಯವರಿಗೆ ಮೊದಲೇ ಹೇಳಿ, ನೀರು ಹೊಕ್ಕರೆ ಖರ್ಚು ಯಾರದು ಅಂತ ಬರೆಸಿಕೊಂಡೇ ತನ್ನಿ.